ಗೋಡೆಯೊಳಗಿನ ದ್ರಾಕ್ಷಿತೋಟ: ಬರ್ಗಂಡಿಯ ದ್ರಾಕ್ಷಾರಸವೂ ಸಿತೋ ಮಠದ ಸ್ಥಿರತಾವ್ರತವೂ

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತ್ಯದ ದ್ರಾಕ್ಷಾರಸದ ಸೀಸೆಯ ಮೇಲೆ ಹಣ್ಣಿನ ಜಾತಿಯ ಹೆಸರನ್ನು ಹುಡುಕುವವನಿಗೆ ಅದು ಬಹುಮಟ್ಟಿಗೆ ಸಿಗುವುದಿಲ್ಲ. ಅಲ್ಲಿರುವುದು ನೆಲದ ಹೆಸರು. ಶಾಂಬರ್ತಾಂ-ಕ್ಲೋ ದ ಬೇಜ್, ರೋಮನೇ-ಸೇಂ ವಿವಾಂ, ಕ್ಲೋ ದ ತಾರ್, ಕ್ಲೋ ದ ವೂಜೋ: ಅತ್ಯಂತ ಬೆಲೆಬಾಳುವ ದ್ರಾಕ್ಷಾರಸಗಳ ಸಾಲಿನಲ್ಲಿ ನಿಲ್ಲುವ ಈ ನಾಲ್ಕೂ ಒಂದೊಂದು ತುಂಡು ಭೂಮಿಯ ಹೆಸರುಗಳು. ಬೇಜ್ ಎಂಬುದು ಬೆನೆಡಿಕ್ಟೀನರ ಮಠ. ಸೇಂ ವಿವಾಂ ಕ್ಲೂನಿಯ ಪರಿವಾರಕ್ಕೆ ಸೇರಿದ ಮಠ. ತಾರ್ ಸನ್ಯಾಸಿನಿಯರ ಮಠ. ವೂಜೋ ಸಿತೋ ಮಠದ ತೋಟ. ಮೊದಲಿನ ಮೂರು ಮಠಗಳು ಅಳಿದುಹೋಗಿವೆ. ನಾಲ್ಕನೆಯದು ಒಮ್ಮೆ ಅಳಿದು ಮತ್ತೆ ಚಿಗುರಿದೆ. ಹೆಸರುಗಳು ಮಾತ್ರ ಸೀಸೆಯ ಚೀಟಿಯ ಮೇಲೆ ನಿಂತುಬಿಟ್ಟಿವೆ.

ಗುರುಮಠಗಳ ಧರ್ಮಸಭಾ ಚರಿತ್ರೆಯ ತರಗತಿಗಳಲ್ಲಿ ಸಿತೋ ಸುಧಾರಣೆಯನ್ನು ಕಲಿಸುವಾಗ ನಾವು ಬಿಳಿಯ ನಿಲುವಂಗಿಯನ್ನೂ ಬಡತನವನ್ನೂ ಕಾಯಕವನ್ನೂ ಸಂತ ಬರ್ನಾರ್ಡರ ಪ್ರಬೋಧನೆಗಳನ್ನೂ ಹೇಳಿ ಮುಂದಿನ ಶತಮಾನಕ್ಕೆ ದಾಟಿಬಿಡುತ್ತೇವೆ. ಆ ಬಡತನ ಯಾವ ಮಣ್ಣಿನ ಮೇಲೆ ನಿಂತಿತ್ತು, ಆ ಕಾಯಕವನ್ನು ಯಾರು ಮಾಡಿದರು, ಅದರ ಫಲ ಯಾರ ಕೈ ಸೇರಿತು ಎಂಬ ಪ್ರಶ್ನೆಗಳು ಪರೀಕ್ಷೆಯ ಪತ್ರಿಕೆಯಲ್ಲಿ ಬರುವುದಿಲ್ಲ. ಬರ್ಗಂಡಿಯ ದ್ರಾಕ್ಷಾರಸವನ್ನು ಅರಿಯುವ ದಾರಿ ಈ ಪ್ರಶ್ನೆಗಳ ಮೂಲಕವೇ ಹಾದುಹೋಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಒಂದು ಸ್ಥಳವನ್ನು ಬಿಟ್ಟು ಕದಲುವುದಿಲ್ಲವೆಂಬ ಸನ್ಯಾಸಿಗಳ ಪ್ರತಿಜ್ಞೆಯೇ ಆ ನೆಲವನ್ನು ಓದಲು ಕಲಿಸಿತು. ಅದೇ ಪ್ರತಿಜ್ಞೆ ಕಾಲಕ್ರಮದಲ್ಲಿ ಆ ನೆಲ ನಮ್ಮದೆಂಬ ಹಟವಾಗಿಯೂ ಬೆಳೆಯಿತು. ಇವೆರಡನ್ನೂ ಬಿಡಿಸಿ ನೋಡುವುದು ಸುಲಭವಲ್ಲ.

ಮೊದಲು ನೆಲದ ವಿಚಾರ. ದಿಜೋನ್ ನಗರದಿಂದ ದಕ್ಷಿಣಕ್ಕೆ, ಬೋನ್ ಪಟ್ಟಣವನ್ನು ದಾಟಿ ಸುಮಾರು 50 ಕಿಲೋಮೀಟರ್ ಉದ್ದಕ್ಕೆ ಒಂದು ಇಳಿಜಾರು ಹಬ್ಬಿದೆ. ಅದರ ಹೆಸರು ಕೋತ್ ದೋರ್. ಉದ್ದವಿದ್ದಷ್ಟು ಅಗಲವಿಲ್ಲ, ಒಳ್ಳೆಯ ತೋಟಗಳಿರುವ ಪಟ್ಟಿ ಕೆಲವೆಡೆ ಒಂದು ಕಿಲೋಮೀಟರಿಗಿಂತಲೂ ಕಿರಿದು. ಇಳಿಜಾರು ಹೆಚ್ಚಾಗಿ ಪೂರ್ವಕ್ಕೆ ಮುಖಮಾಡಿರುವುದರಿಂದ ಬೆಳಗಿನ ಬಿಸಿಲು ಬಳ್ಳಿಗಳಿಗೆ ನೇರವಾಗಿ ಬೀಳುತ್ತದೆ. ಅಡಿಯಲ್ಲಿ ಜುರಾಸಿಕ್ ಕಾಲದ ಸಮುದ್ರ ಬಿಟ್ಟುಹೋದ ಸುಣ್ಣಕಲ್ಲು, ಅದರೊಡನೆ ಬೆರೆತ ಜೇಡಿ. ಇಳಿಜಾರಿನ ನೆತ್ತಿಯಲ್ಲಿ ಮಣ್ಣು ತೆಳು, ಬಳ್ಳಿ ಬಡಕಲು. ತಪ್ಪಲಿನಲ್ಲಿ ಮಣ್ಣು ದಪ್ಪ, ನೀರು ನಿಲ್ಲುತ್ತದೆ, ಹಣ್ಣು ಹೇರಳವಾದರೂ ರಸ ಸಪ್ಪೆ. ನಡುವಿನ ಪಟ್ಟಿಯಲ್ಲಿ ಇವೆರಡರ ಹದ ಕೂಡಿಬರುತ್ತದೆ. ಅಲ್ಲಿಯೂ ಒಂದು ತೋಟದ ಗುಣ ಪಕ್ಕದ ತೋಟಕ್ಕಿಲ್ಲ. ಹೀಗೆ ಬೇರ್ಪಡಿಸಿ ಹೆಸರಿಟ್ಟ ತುಂಡು ನೆಲವನ್ನು ಆ ನಾಡಿನವರು ‘ಕ್ಲಿಮಾ’ ಎನ್ನುತ್ತಾರೆ. ಸುತ್ತಲೂ ಗೋಡೆಯಿದ್ದರೆ ‘ಕ್ಲೋ’. 2015ರಲ್ಲಿ ಯುನೆಸ್ಕೊ ಸಂಸ್ಥೆ ಈ ಇಳಿಜಾರಿನ 1,247 ಕ್ಲಿಮಾಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೀಸೆಯ ಚೀಟಿಯನ್ನು ಓದುವ ಕ್ರಮವೂ ಈ ನೆಲದ ಕ್ರಮವನ್ನೇ ಅನುಸರಿಸುತ್ತದೆ. ಪ್ರಾಂತ್ಯದ ಹೆಸರಷ್ಟೇ ಇದ್ದರೆ ಅದು ಸಾಧಾರಣ. ಗ್ರಾಮದ ಹೆಸರಿದ್ದರೆ ಒಂದು ಮೆಟ್ಟಿಲು ಮೇಲೆ. ಗ್ರಾಮದ ಹೆಸರಿನೊಡನೆ ‘ಪ್ರೆಮಿಯೇ ಕ್ರೂ’ ಎಂಬ ಮಾತಿದ್ದರೆ ಇನ್ನೊಂದು ಮೆಟ್ಟಿಲು. ಗ್ರಾಮದ ಹೆಸರನ್ನೂ ಬಿಟ್ಟು ತೋಟದ ಹೆಸರೊಂದೇ ನಿಂತರೆ ಅದು ‘ಗ್ರಾಂ ಕ್ರೂ’. ಶಾಬ್ಲಿಯನ್ನೂ ಸೇರಿಸಿ ಅಂಥವು 33. ಪ್ರಾಂತ್ಯದ ಒಟ್ಟು ಉತ್ಪನ್ನದಲ್ಲಿ ಅವುಗಳ ಪಾಲು ಶೇಕಡ 2ನ್ನೂ ಮುಟ್ಟುವುದಿಲ್ಲ. ಹಣ್ಣಿನ ಜಾತಿ ಹೇಳಬೇಕಾದ ಅಗತ್ಯವಿಲ್ಲ. ಪ್ರಸಿದ್ಧ ತೋಟಗಳಲ್ಲಿ ಕೆಂಪು ರಸವೆಂದರೆ ಪಿನೋ ನ್ವಾರ್, ಬಿಳಿಯ ರಸವೆಂದರೆ ಶಾರ್ದೊನೇ.

ಈ ತೋಟಗಳನ್ನು ಕಂಡುಹಿಡಿದವರು ಸನ್ಯಾಸಿಗಳೇ ಎಂಬ ಮಾತು ಪ್ರವಾಸಿಗರ ಕೈಪಿಡಿಗಳಲ್ಲಿ ರೂಢಿಯಾಗಿದೆ. ಸಿತೋ ಮಠದ ಸೋದರರು ಇಳಿಜಾರಿನುದ್ದಕ್ಕೂ ನಡೆದು, ಮಣ್ಣನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ, ಎಲ್ಲೆಕಲ್ಲುಗಳನ್ನು ನೆಟ್ಟರಂತೆ. ಕಥೆ ಚೆನ್ನಾಗಿದೆ. ಆದರೆ ಅವರಿಗಿಂತ ಎಷ್ಟೋ ಮೊದಲು ಅಲ್ಲಿ ಬಳ್ಳಿಗಳಿದ್ದವು. 4ನೆಯ ಶತಮಾನದ ಆರಂಭದಲ್ಲಿ ಒತಾಂ ನಗರದ ಭಾಷಣಕಾರನೊಬ್ಬನು ತೆರಿಗೆ ಇಳಿಸಿದ ಚಕ್ರವರ್ತಿ ಕಾನ್‌ಸ್ಟಂಟೈನನಿಗೆ ಕೃತಜ್ಞತೆ ಸಲ್ಲಿಸುವಾಗ, ಈ ಸೀಮೆಯ ಹಳೆಯ ತೋಟಗಳು ಬೇರುಗಳು ಹೆಣೆದುಕೊಂಡು ಹಾಳಾಗಿರುವ ಪರಿಯನ್ನು ವರ್ಣಿಸಿದ್ದಾನೆ. ಬೇಜ್ ಮಠಕ್ಕೆ ಸ್ಥಾಪಕ ದೊರೆ ಅಮಾಲ್ಗೇರನಿಂದ ಜೆವ್ರೇ ಗ್ರಾಮದ ತೋಟ ದಾನವಾಗಿ ಬಂದದ್ದು 7ನೆಯ ಶತಮಾನದಲ್ಲಿ. ಆ ಮಠ 1219ರಲ್ಲಿ ಅದನ್ನು ಲಾಂಗ್ರ್ ಪ್ರಧಾನಾಲಯದ ಗುರುಮಂಡಲಿಗೆ ಮಾರಿತು. ಹೆಸರು ಮಾತ್ರ ಇಂದಿಗೂ ಬೇಜ್ ಮಠದ್ದೇ. ಸಿತೋ ಮಠದ ಸನ್ಯಾಸಿಗಳು ಆ ಇಳಿಜಾರಿಗೆ ಬಂದಾಗ ಅದು ಬೀಳುಭೂಮಿಯಾಗಿರಲಿಲ್ಲ. ಅವರು ಕೊನೆಗೆ ಬಂದವರು.

ಅವರು ಬಂದ ಬಗೆಯೇ ವಿಚಾರಮಾಡತಕ್ಕದ್ದು. 1098ರಲ್ಲಿ ಮೊಲೇಮ್ ಮಠದ ಅಧಿಪತಿ ರಾಬರ್ಟರು ಸುಮಾರು ಇಪ್ಪತ್ತು ಮಂದಿ ಸೋದರರೊಡನೆ ಹೊರಬಿದ್ದು ಸಿತೋದಲ್ಲಿ ನೆಲೆಸಿದರು. ಮೊಲೇಮ್ ಅವರೇ ಸ್ಥಾಪಿಸಿದ ಮಠ. ಅದಕ್ಕೆ ದಾನದತ್ತಿಗಳು ಹರಿದುಬಂದಂತೆ ಸಂತ ಬೆನೆಡಿಕ್ಟರ ನಿಯಮಾವಳಿಯ ಕಟ್ಟು ಸಡಿಲವಾಗುತ್ತ ಬಂದಿತ್ತು. ಹೊಸ ಮಠ ಜೌಗು ನೆಲದಲ್ಲಿತ್ತು. ಅಲ್ಲಿ ಬಳ್ಳಿ ಬೆಳೆಯುವಂತಿರಲಿಲ್ಲ. ಆ ಸಮುದಾಯದ ಆರಂಭದ ವೃತ್ತಾಂತವನ್ನು ಹೇಳುವ ‘ಎಕ್ಸೋರ್ದಿಯುಮ್ ಪಾರ್ವುಮ್’ ಎಂಬ ಕಿರುಗ್ರಂಥ ಅವರು ತೊರೆದುದನ್ನು ಪಟ್ಟಿಮಾಡುತ್ತದೆ: ದೇವಾಲಯಗಳ ವರಮಾನ, ಬಲಿಪೀಠದ ಕಾಣಿಕೆ, ಪರರ ಬೆಳೆಯ ದಶಮಾಂಶ, ಒಕ್ಕಲುಗಳಿರುವ ಗ್ರಾಮಗಳು. ಅದಕ್ಕೆ ಕೊಡುವ ಕಾರಣ ನಮ್ಮ ವಿದ್ಯಾರ್ಥಿಗಳ ಗಮನಕ್ಕೆ ಬರಬೇಕು. ಪ್ರಾಚೀನ ಪಿತೃಗಳು ದಶಮಾಂಶವನ್ನು ನಾಲ್ಕು ಪಾಲು ಮಾಡಿದರು. ಒಂದು ಧರ್ಮಾಧ್ಯಕ್ಷರಿಗೆ, ಒಂದು ಧರ್ಮಕೇಂದ್ರದ ಗುರುವಿಗೆ, ಒಂದು ಅತಿಥಿ, ವಿಧವೆ, ಅನಾಥ, ಬಡವರಿಗೆ, ಒಂದು ದೇವಾಲಯದ ದುರಸ್ತಿಗೆ. ಈ ಲೆಕ್ಕದಲ್ಲಿ ಸನ್ಯಾಸಿಯ ಪಾಲಿಲ್ಲ. ಸನ್ಯಾಸಿಗೆ ಸ್ವಂತ ಭೂಮಿಯುಂಟು, ಅದನ್ನು ದುಡಿದು ಅವನು ಬದುಕಬೇಕು. ಹೀಗೆ ವಾದಿಸಿ ಅವರು ದಶಮಾಂಶವನ್ನು ಬಿಟ್ಟರು.

ಅದೇ ಅಧ್ಯಾಯ ಅವರು ಸ್ವೀಕರಿಸಬಹುದಾದುದನ್ನೂ ಹೇಳುತ್ತದೆ. ಜನವಸತಿಯಿಂದ ದೂರದ ಹೊಲಗಳು, ಹುಲ್ಲುಗಾವಲು, ಕಾಡು, ನೀರು, ಮತ್ತು ದ್ರಾಕ್ಷಿತೋಟ. ಹಗಲಿರುಳು ಪ್ರಾರ್ಥನಾವಿಧಿಗಳಲ್ಲಿ ತೊಡಗಿರುವ ಸನ್ಯಾಸಿಗಳಿಗೆ ದೂರದ ಹೊಲಗಳ ಕೆಲಸ ಅಸಾಧ್ಯವಾದ್ದರಿಂದ ಗಡ್ಡಧಾರಿಗಳಾದ ಶ್ರಮಿಕ ಸೋದರರನ್ನು ಸೇರಿಸಿಕೊಳ್ಳುವ ನಿರ್ಧಾರವೂ ಅಲ್ಲೇ ಇದೆ. ದ್ರಾಕ್ಷಿತೋಟವೂ ಅದರಲ್ಲಿ ದುಡಿಯುವ ಸೋದರನೂ ಒಂದೇ ಅಧ್ಯಾಯದಲ್ಲಿ, ಒಟ್ಟೊಟ್ಟಿಗೆ ಬರುತ್ತಾರೆ. ಇದನ್ನು ಕಾಕತಾಳೀಯವೆಂದು ತಳ್ಳಿಹಾಕಲಾಗದು.

ದ್ರಾಕ್ಷಾರಸ ಏಕೆ ಬೇಕಿತ್ತು? ಬಲಿಪೂಜೆಗಾಗಿ ಎಂಬ ಉತ್ತರ ತಟ್ಟನೆ ಬಾಯಿಗೆ ಬರುತ್ತದೆ. ಅದು ಸಾಲದು. ಪೂಜಾಪಾತ್ರೆಗೆ ಬೇಕಾದ ರಸ ಅತ್ಯಲ್ಪ; ಒಂದೆರಡು ಸಾಲು ಬಳ್ಳಿ ಇಡೀ ಮಠದ ವರ್ಷದ ಪೂಜೆಗಳಿಗೆ ಸಾಕಾದೀತು. ಮಠಗಳ ತೋಟಗಳು ವಿಸ್ತಾರವಾಗುತ್ತಿದ್ದ 12 ಮತ್ತು 13ನೆಯ ಶತಮಾನಗಳಲ್ಲೇ ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ಪಾತ್ರೆಯಿಂದ ಪಾನಮಾಡುವ ರೂಢಿ ಪಾಶ್ಚಾತ್ಯ ಧರ್ಮಸಭೆಯಲ್ಲಿ ಕ್ರಮೇಣ ತಪ್ಪಿಹೋಯಿತು. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಅದನ್ನು ವಿಧಿಪೂರ್ವಕವಾಗಿ ನಿಷೇಧಿಸಿತು. ತೋಟಗಳು ಹಿಗ್ಗಿದವು, ಬಲಿಪೀಠದಿಂದ ಜನರಿಗೆ ದೊರೆಯುತ್ತಿದ್ದ ಪಾತ್ರೆ ಹಿಂದಕ್ಕೆ ಸರಿಯಿತು. ರಸ ಬೇಕಿದ್ದುದು ಊಟದ ಮೇಜಿಗೆ, ಅತಿಥಿಗಳಿಗೆ, ರೋಗಿಗಳಿಗೆ ಮತ್ತು ಮಾರಾಟಕ್ಕೆ. ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 40ನೆಯ ಅಧ್ಯಾಯದಲ್ಲಿ ಸನ್ಯಾಸಿಗೆ ದಿನಕ್ಕೊಂದು ‘ಹೆಮಿನಾ’ ಅಳತೆಯ ರಸವನ್ನು ಒಲ್ಲದ ಮನಸ್ಸಿನಿಂದಲೇ ಅನುಮತಿಸಿದ್ದಾರೆ. ನಮ್ಮ ಕನ್ನಡದಲ್ಲಿ ಪೀಠದ ಮೇಲಿನದಕ್ಕೆ ‘ದ್ರಾಕ್ಷಾರಸ’ವೆಂದೂ ಅಂಗಡಿಯದಕ್ಕೆ ‘ವೈನ್’ ಎಂದೂ ಎರಡು ಪದಗಳು ಬಳಕೆಗೆ ಬಂದಿರುವುದರಿಂದ ಇವು ಎರಡು ಬೇರೆ ಪದಾರ್ಥಗಳೆಂಬ ಭ್ರಮೆ ಹುಟ್ಟುತ್ತದೆ. ಮಧ್ಯಯುಗದ ಸನ್ಯಾಸಿಗೆ ಆ ಭ್ರಮೆ ಇರಲಿಲ್ಲ. ಒಂದೇ ಪೀಪಾಯಿಯಿಂದ ಎರಡೂ ಬರುತ್ತಿದ್ದವು. ಧರ್ಮಸಭೆಯ ಶಾಸನಸಂಹಿತೆಯ 924ನೆಯ ವಿಧಿಯೂ ಪೂಜೆಯ ರಸ ದ್ರಾಕ್ಷಿಯಿಂದಲೇ ಆದ ಸಹಜರಸವಾಗಿರಬೇಕು, ಕೆಟ್ಟಿರಬಾರದು ಎಂದಷ್ಟೇ ಹೇಳುತ್ತದೆ.

ಸಂತ ಬರ್ನಾರ್ಡರು ಈ ವಿಷಯದಲ್ಲಿ ನಮ್ಮನ್ನು ಪೇಚಿಗೆ ಸಿಲುಕಿಸುತ್ತಾರೆ. ದಿಜೋನಿನ ಹತ್ತಿರದ ಫೋಂತೇನ್ ಅವರ ಜನ್ಮಸ್ಥಳ. ದ್ರಾಕ್ಷಿಯ ನಾಡಿನ ಮಗ. ಸುಮಾರು 1125ರಲ್ಲಿ ತಮ್ಮ ಮಿತ್ರ ವಿಲಿಯಂ ಅವರಿಗೆ ಬರೆದ ‘ಅಪೊಲೋಗಿಯಾ’ದಲ್ಲಿ ಅವರು ತಮ್ಮ ಕಾಲದ ಸನ್ಯಾಸಿಗಳ ಭೋಜನಶಾಲೆಯನ್ನು ಹಾಸ್ಯ ಮಾಡುತ್ತಾರೆ. ಒಂದೇ ಊಟದಲ್ಲಿ ಮೂರು ನಾಲ್ಕು ಬಟ್ಟಲುಗಳನ್ನು ತರಿಸಿ, ಮೂಸಿ, ನಾಲಿಗೆಗೆ ತಾಗಿಸಿ, ಇವುಗಳಲ್ಲಿ ಗಟ್ಟಿಯಾದುದು ಯಾವುದೆಂದು ಚಾಣಾಕ್ಷತನದಿಂದ ಆರಿಸಿಕೊಳ್ಳುವ ಸೋದರರ ಚಿತ್ರ ಅಲ್ಲಿದೆ. ಹಬ್ಬದ ದಿನ ಜೇನನ್ನೂ ಸಂಬಾರವನ್ನೂ ಬೆರೆಸಿದ ರಸದ ಮೇಲೂ ಅವರ ಕೋಪ ಹರಿಯುತ್ತದೆ. ಇಂದು ಬರ್ಗಂಡಿಯ ನೆಲಮಾಳಿಗೆಗಳಲ್ಲಿ ರಸಜ್ಞರು ಮಾಡುವುದು ಇದನ್ನೇ. ಅವರು ಈ ಕಲೆಗೆ ಸಿತೋ ಸೋದರರನ್ನೇ ಮೂಲಪುರುಷರೆಂದು ಕೊಂಡಾಡುತ್ತಾರೆ! ಬರ್ನಾರ್ಡರು ಕೇಳಿದ್ದರೆ ಏನೆನ್ನುತ್ತಿದ್ದರೋ.

ಸಿತೋದಿಂದ ಪಶ್ಚಿಮಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ ವೂಜ್ ಎಂಬ ತೊರೆ ಇಳಿಜಾರಿನ ಬುಡದಲ್ಲಿ ಹುಟ್ಟಿ ಮಠದ ಕಡೆಗೆ ಹರಿಯುತ್ತದೆ. ಆ ತೊರೆಯ ಮೂಲದ ಬಳಿ ಮಠಕ್ಕೆ 12ನೆಯ ಶತಮಾನದ ಆರಂಭದಲ್ಲಿ ಮೊದಲ ಭೂದಾನಗಳು ಬಂದವು. ಒಬ್ಬ ಸಣ್ಣ ಪಾಳೆಯಗಾರ ತನ್ನ ಹಿರಿಯರ ಆತ್ಮಗಳ ಸದ್ಗತಿಗಾಗಿ ಒಂದು ತುಂಡು ಕೊಟ್ಟ, ಇನ್ನೊಬ್ಬ ಮಾರಿದ, ಮತ್ತೊಬ್ಬನಿಂದ ಬದಲಿ ಭೂಮಿ ಕೊಟ್ಟು ಪಡೆದರು. ಅಂಥ ದಾನಪತ್ರಗಳ ಭಾಷೆಯಲ್ಲಿ ಮಣ್ಣಿನ ರುಚಿಯ ಮಾತಿಲ್ಲ. ಕೊಟ್ಟವನಾರು, ಯಾರ ಆತ್ಮಕ್ಕಾಗಿ, ಎಲ್ಲೆಯಾವುದು, ಸಾಕ್ಷಿ ಯಾರು, ಸಲ್ಲಬೇಕಾದ ಗೇಣಿಯೆಷ್ಟು ಎಂಬುದು ಅವುಗಳ ವಿಷಯ. ಹೀಗೆ ಎರಡು ಶತಮಾನಗಳ ಕಾಲ ತುಂಡಿಗೆ ತುಂಡು ಕೂಡಿಸಿ ಸುಮಾರು 50 ಹೆಕ್ಟೇರಿನ ಒಂದು ತೋಟವಾಯಿತು. 1336ರ ಹೊತ್ತಿಗೆ ಅದರ ಸುತ್ತ ಕಲ್ಲಿನ ಗೋಡೆ ಪೂರ್ತಿಯಾಗಿತ್ತು. ಅದೇ ಕ್ಲೋ ದ ವೂಜೋ.

ಈ ಗೋಡೆಯನ್ನು ನಾವು ಸ್ವಲ್ಪ ಹೊತ್ತು ನೋಡಬೇಕು. ಸನ್ಯಾಸಿಗಳು ಮಣ್ಣನ್ನು ಬಲ್ಲವರಾಗಿದ್ದು ಆ ಅರಿವಿನಂತೆ ಎಲ್ಲೆ ಹಾಕಿದ್ದರೆ ಗೋಡೆ ಇಳಿಜಾರಿನ ನಡುವಿನ ಪಟ್ಟಿಯನ್ನು ಹಿಡಿದು ಸಾಗಬೇಕಿತ್ತು. ಹಾಗಾಗಿಲ್ಲ. ಅದು ಮೇಲಿನ ತೆಳುಮಣ್ಣಿನಿಂದ ಕೆಳಗಿನ ಹೆದ್ದಾರಿಯ ಪಕ್ಕದ, ನೀರು ಬಸಿಯದ ಜೇಡಿಯವರೆಗೂ ಇಳಿದು ಬರುತ್ತದೆ. ಮೇಲ್ಭಾಗದ ನೆರೆಯವರು ಮ್ಯುಸಿನ್ಯಿ, ಗ್ರಾಂ ಎಷೆಜೋ ಎಂಬ ಶ್ರೇಷ್ಠ ತೋಟಗಳು. ಕೆಳಭಾಗದ ಮಣ್ಣಿನಂಥ ಮಣ್ಣು ಗೋಡೆಯ ಹೊರಗೆ ಇದ್ದಿದ್ದರೆ ಗ್ರಾಮದ ಹೆಸರಷ್ಟೇ ಅದಕ್ಕೆ ದಕ್ಕುತ್ತಿತ್ತು. ಗೋಡೆ ಅನುಸರಿಸಿದ್ದು ಒಡೆತನವನ್ನು, ಮಣ್ಣನ್ನಲ್ಲ. ಆದರೂ 1930ರ ದಶಕದಲ್ಲಿ ಫ್ರೆಂಚ್ ಸರಕಾರ ಸ್ಥಳನಾಮಗಳ ಕಾಯಿದೆಯ ಪ್ರಕಾರ ತೋಟಗಳ ದರ್ಜೆ ಗೊತ್ತುಪಡಿಸಿದಾಗ ಗೋಡೆಯೊಳಗಿನ ಇಡೀ ನೆಲ ‘ಗ್ರಾಂ ಕ್ರೂ’ ಆಯಿತು. ಕಾನೂನು ಮಣ್ಣಿಗಿಂತ ಮಠದ ಗೋಡೆಗೆ ಹೆಚ್ಚಿನ ಗೌರವ ಕೊಟ್ಟಿತು. ಮೇಲಿನ ಭಾಗದ ರಸ ಜಗದ್ಗುರುಗಳಿಗೆ, ನಡುವಿನದು ಧರ್ಮಾಧ್ಯಕ್ಷರಿಗೆ, ಕೆಳಗಿನದು ಸನ್ಯಾಸಿಗಳಿಗೆ ಎಂದು ಸೋದರರು ಮೂರು ಬಗೆ ತೆಗೆಯುತ್ತಿದ್ದರೆಂಬ ಕಥೆ ಇದೆ. ಗೋಡೆಯೊಳಗಿನ ಏರುಪೇರಿಗೆ ಸಮಾಧಾನ ಹೇಳಲು ಕಟ್ಟಿದ ಕಥೆಯಂತೆ ನಮಗೆ ತೋರುತ್ತದೆ.

ಹಾಗಾದರೆ ಸನ್ಯಾಸಿಗಳ ಅರಿವೆಂಬುದು ಬರಿಯ ಕಟ್ಟುಕಥೆಯೇ? ಹಾಗೂ ಹೇಳಲಾಗದು. ಅರಿವು ಗೋಡೆಗಿಂತ ಮೊದಲು ಬಂದಿರಲಿಲ್ಲ, ಗೋಡೆಯ ಒಳಗೆ ಬೆಳೆಯಿತು. ಒಬ್ಬ ರೈತ ತನ್ನ ಆಯುಷ್ಯದಲ್ಲಿ ನಲವತ್ತು ಸುಗ್ಗಿಗಳನ್ನು ಕಂಡಾನು. ಅವನ ಮಗ ತೋಟವನ್ನು ಪಾಲುಮಾಡಿಕೊಂಡಾನು, ಮಾರಿಯಾನು, ಯುದ್ಧಕ್ಕೆ ಹೋಗಿ ಸತ್ತಾನು. ಮಠ ಸಾಯುವುದಿಲ್ಲ, ಪಾಲಾಗುವುದಿಲ್ಲ. ಸಂತ ಬೆನೆಡಿಕ್ಟರ ನಿಯಮಾವಳಿಯ 58ನೆಯ ಅಧ್ಯಾಯದ ಪ್ರಕಾರ ಹೊಸಬನು ಮಾಡುವ ಪ್ರತಿಜ್ಞೆಗಳಲ್ಲಿ ಮೊದಲನೆಯದು ಸ್ಥಿರತೆ. ಈ ಸಮುದಾಯವನ್ನು ಬಿಟ್ಟು ಹೋಗೆನು ಎಂಬ ಮಾತು. ಒಂದೇ ಸಮುದಾಯ ಒಂದೇ ಇಳಿಜಾರಿನಲ್ಲಿ ಆರು ನೂರು ವರ್ಷಗಳಿಗೂ ಮಿಕ್ಕು ಸವರಿ, ಅಗೆದು, ಕೊಯ್ದು, ಗಾಣಕ್ಕೆ ಹಾಕಿದಾಗ ಯಾವ ಮೂಲೆಯ ಹಣ್ಣು ಮೊದಲು ಮಾಗುತ್ತದೆ, ಯಾವ ಸಾಲಿಗೆ ಮಂಜು ಹಿಡಿಯುತ್ತದೆ, ಯಾವ ಪೀಪಾಯಿ ಬೇಸಿಗೆ ದಾಟುತ್ತದೆ ಎಂಬುದು ಒಬ್ಬನ ಜಾಣ್ಮೆಯಾಗಿ ಉಳಿಯದೆ ಮನೆಯ ನೆನಪಾಗುತ್ತದೆ. ವೂಜೋದ ಹಳೆಯ ಗಾಣದ ಮನೆಯಲ್ಲಿ ಅವರ ನಾಲ್ಕು ಬೃಹತ್ ಮರದ ಗಾಣಗಳು ಇಂದೂ ನಿಂತಿವೆ. ಅದೇ ನಿಯಮಾವಳಿಯ 31ನೆಯ ಅಧ್ಯಾಯದಲ್ಲಿ ಉಗ್ರಾಣಾಧಿಕಾರಿಗೆ ಒಂದು ಮಾತು ಹೇಳಿದೆ: ಮಠದ ಪಾತ್ರೆಪರಿಕರಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳೋ ಎಂಬಂತೆ ಕಾಣಬೇಕು. ಬರ್ಗಂಡಿಗೆ ಧರ್ಮಸಭೆ ಕೊಟ್ಟ ಕೊಡುಗೆಯನ್ನು ನಾವು ರುಚಿಯ ಸೂಕ್ಷ್ಮದಲ್ಲಿ ಹುಡುಕಬಾರದು, ಈ ಎರಡು ಅಧ್ಯಾಯಗಳಲ್ಲಿ ಹುಡುಕಬೇಕು.

ಆದರೆ ಸವರಿದವರೂ ಅಗೆದವರೂ ಯಾರು? ಹೆಚ್ಚಿನ ಪಾಲು ಶ್ರಮಿಕ ಸೋದರರು. ಅವರೂ ವ್ರತ ತೊಟ್ಟವರೇ. ಆದರೂ ಅವರ ಊಟದ ಮನೆ ಬೇರೆ, ಮಲಗುವ ಮನೆ ಬೇರೆ. ಮಠಾಧಿಪತಿಯ ಆಯ್ಕೆಯಲ್ಲಿ ಅವರಿಗೆ ಮತವಿಲ್ಲ. ಪ್ರಭುಯೇಸು ಕಲಿಸಿದ ಜಪ, ವಿಶ್ವಾಸ ಪ್ರಮಾಣ ಮೊದಲಾದ ಕೆಲವೇ ಪ್ರಾರ್ಥನೆಗಳನ್ನು ಬಾಯಿಪಾಠ ಕಲಿಯಬಹುದಿತ್ತು, ಪುಸ್ತಕ ಹಿಡಿಯುವಂತಿರಲಿಲ್ಲ. ಶ್ರಮಿಕ ಸೋದರನಾಗಿ ಬಂದವನು ಗಾಯನಪೀಠದ ಸನ್ಯಾಸಿಯಾಗುವಂತಿರಲಿಲ್ಲ. ತೋಟದ ನೆನಪು ಯಾರ ಕೈಗಳಲ್ಲಿತ್ತೋ ಅವರು ಬರೆಯಲಾರದವರು. ಬರೆಯಬಲ್ಲವರು ಬರೆದದ್ದು ದಾನಿಗಳ ಹೆಸರುಗಳನ್ನು. ಕೈಯ ದುಡಿಮೆಯಿಂದ ಬದುಕುವುದಾಗಿ ಹೊರಟ ಸುಧಾರಣೆ ಕೈಗಳನ್ನೇ ಎರಡು ವರ್ಗ ಮಾಡಿತು ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. 14ನೆಯ ಶತಮಾನದ ಹೊತ್ತಿಗೆ ಇಂಥ ಸೋದರರ ಸಂಖ್ಯೆ ಕುಸಿದು, ಕೂಲಿಯಾಳುಗಳೂ ಗೇಣಿದಾರರೂ ಆ ಜಾಗಕ್ಕೆ ಬಂದರು. ಮೊಲೇಮಿನಿಂದ ಓಡಿಬಂದವರ ಉತ್ತರಾಧಿಕಾರಿಗಳು ಗೇಣಿ ವಸೂಲಿಗೆ ಇಳಿದಿದ್ದರು.

ದಶಮಾಂಶದ ಕಥೆಯೂ ಹೀಗೆಯೇ ತಿರುಗಿತು. ಪರರ ದಶಮಾಂಶ ಒಲ್ಲೆವೆಂದವರು ತಮ್ಮ ಭೂಮಿಯ ದಶಮಾಂಶವನ್ನೂ ಕೊಡಬೇಕಾಗಿಲ್ಲವೆಂದು 1132ರಲ್ಲಿ ಜಗದ್ಗುರು 2ನೆಯ ಇನ್ನೊಸೆಂಟರಿಂದ ವಿನಾಯಿತಿ ಪಡೆದರು. ಸೋದರರು ಕೊಂಡ ಹೊಲದಿಂದ ಅದುವರೆಗೆ ಪಾಲು ಪಡೆಯುತ್ತಿದ್ದವರ ಗತಿಯೇನು? ಕ್ಲೂನಿಗೆ ಸೇರಿದ ಜಿನ್ಯಿ ಮಠದವರು ಈ ಕಾರಣಕ್ಕೆ ನೆರೆಯ ಸಿತೋ ಪರಂಪರೆಯ ಲ ಮಿರ್ವಾರ್ ಮಠದ ಮೇಲೆ 12ನೆಯ ಶತಮಾನದ ನಡುಭಾಗದಲ್ಲಿ ದಾಳಿ ಮಾಡಿ ಅದನ್ನು ಹಾಳುಗೆಡವಿದರು. ಬೆನೆಡಿಕ್ಟರ ಮಕ್ಕಳು ಬೆನೆಡಿಕ್ಟರ ಮಕ್ಕಳ ಮನೆಯನ್ನು ಕೆಡವಿದ ಪ್ರಸಂಗ ಅದು. ಕೊನೆಗೆ 1215ರ 4ನೆಯ ಲ್ಯಾಟರನ್ ಮಹಾಸಭೆ ತನ್ನ 55ನೆಯ ವಿಧಿಯಲ್ಲಿ, ಮುಂದೆ ಸಂಪಾದಿಸುವ ಭೂಮಿಗೆ ಹಿಂದೆ ಸಲ್ಲುತ್ತಿದ್ದ ದಶಮಾಂಶವನ್ನು ಸಿತೋ ಮಠಗಳೂ ಸಲ್ಲಿಸತಕ್ಕದ್ದೆಂದು ಗೊತ್ತುಮಾಡಿತು. ಪ್ರವಾದಿ ಯೆಶಾಯನ ಗ್ರಂಥದ 5ನೆಯ ಅಧ್ಯಾಯವನ್ನು ನಾವು ಪ್ರಿಯನ ದ್ರಾಕ್ಷಿತೋಟದ ಹಾಡಿಗಾಗಿ ಓದಿ ನಿಲ್ಲಿಸಿಬಿಡುತ್ತೇವೆ. ಹಾಡು ಮುಗಿದ ಕೂಡಲೇ, 8ನೆಯ ವಚನದಲ್ಲಿ, ಬೇರೆಯವರಿಗೆ ಎಡೆಯಿಲ್ಲದಂತೆ ಹೊಲಕ್ಕೆ ಹೊಲ ಕೂಡಿಸುತ್ತ ಹೋಗುವವರ ಮೇಲಿನ ಶಾಪ ಬರುತ್ತದೆ. ವೂಜೋದ ಗೋಡೆಯ ಪಕ್ಕದಲ್ಲಿ ಆ ಎರಡೂ ಭಾಗಗಳನ್ನು ಕೂಡಿಸಿ ಓದಬೇಕು.

ಅಷ್ಟರಲ್ಲಿ ರಸದ ಕೀರ್ತಿ ಧರ್ಮಸಭೆಯ ಶಿಖರದವರೆಗೂ ಏರಿತ್ತು. ಜಗದ್ಗುರುಗಳು ಅವಿನ್ಯೋನಿನಲ್ಲಿ ವಾಸವಾಗಿದ್ದ ಕಾಲದಲ್ಲಿ, ಕಾರ್ಡಿನಲ್‌ಗಳು ರೋಮಿಗೆ ಮರಳಲು ಒಪ್ಪದಿರುವುದಕ್ಕೆ ಬೋನ್ ಪಟ್ಟಣದ ದ್ರಾಕ್ಷಾರಸದ ಮೇಲಿನ ಮೋಹವೇ ಕಾರಣವೆಂದು ಕವಿ ಪೆತ್ರಾರ್ಕ 5ನೆಯ ಅರ್ಬನರಿಗೆ ಬರೆದು ಚುಚ್ಚಿದನು. ಸಿತೋದ ಅಧಿಪತಿ ಜಾನ್ ದ ಬ್ಯುಸಿಯೇರ್ ಅವರು ವೂಜೋದ ಪೀಪಾಯಿಗಳನ್ನು 11ನೆಯ ಗ್ರೆಗೊರಿಯವರಿಗೆ ಕಳುಹಿಸಿದ ಕೆಲವು ವರ್ಷಗಳಲ್ಲೇ ಕಾರ್ಡಿನಲ್ ಆದರೆಂಬ ಮಾತು ಬರ್ಗಂಡಿಯಲ್ಲಿ ಪ್ರಚಲಿತವಿದೆ. ಅವರು 1375ರಲ್ಲಿ ಕಾರ್ಡಿನಲ್ ಆದದ್ದು ನಿಜ.

ಆ ಕಾಲದ ರಸ ಇಂದಿನದರಂತಿತ್ತೆಂದು ಭಾವಿಸಬಾರದು. ಸೀಸೆ ಮತ್ತು ಬಿರಡೆ ಬಳಕೆಗೆ ಬಂದದ್ದು 17 ಮತ್ತು 18ನೆಯ ಶತಮಾನಗಳಲ್ಲಿ. ಅದಕ್ಕೆ ಮೊದಲು ರಸ ಪೀಪಾಯಿಯಲ್ಲಿದ್ದು, ಹುಳಿಯಾಗುವ ಮುನ್ನ, ಬಹುಪಾಲು ವರ್ಷದೊಳಗೆ ಮುಗಿಯುತ್ತಿತ್ತು. ಪಿನೋ ಎಂಬ ಹೆಸರು ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದೇ 14ನೆಯ ಶತಮಾನದ ಕೊನೆಯ ಭಾಗದಲ್ಲಿ. ಪಿನೋವನ್ನು ಬರ್ಗಂಡಿಯ ಬಳ್ಳಿಯನ್ನಾಗಿ ನಿಲ್ಲಿಸಿದ ಗಟ್ಟಿಯಾದ ಹೆಜ್ಜೆ ಮಠದ್ದಲ್ಲ, ಅರಮನೆಯದು. 1395ರಲ್ಲಿ ದೊರೆ ಧೀರ ಫಿಲಿಪ್ ಗಾಮೇ ಎಂಬ ಜಾತಿಯ ಬಳ್ಳಿಗಳನ್ನು ಕಿತ್ತುಹಾಕಲು ಆಜ್ಞೆ ಹೊರಡಿಸಿದನು. ಆಜ್ಞೆಯ ಭಾಷೆಯಲ್ಲಿ ಆ ಬಳ್ಳಿ ಸ್ವಾಮಿದ್ರೋಹಿ. ತೋಟಕ್ಕೆ ಗೊಬ್ಬರ ಸುರಿಯುವುದನ್ನೂ ಅದು ನಿಷೇಧಿಸಿತು. ಗಾಮೇ ಹೇರಳವಾಗಿ ಫಲ ಕೊಡುವ ಬಳ್ಳಿ. ಮಹಾಮಾರಿಯ ಹೊಡೆತಕ್ಕೆ ಸಿಕ್ಕಿದ್ದ ಬಡ ಬೆಳೆಗಾರರಿಗೆ ಅದು ಆಸರೆಯಾಗಿತ್ತು. ರಸದ ಹೆಸರು ಉಳಿಯಿತು, ಆಸರೆ ಹೋಯಿತು. ಗಾಮೇ ದಕ್ಷಿಣದ ಬೋಜೋಲೇ ಸೀಮೆಯ ಗ್ರಾನೈಟ್ ನೆಲದಲ್ಲಿ ನೆಲೆಕಂಡಿತು.

ಭೂಮಿಯನ್ನು ಹಿಡಿದಿಡುವುದಕ್ಕೆ ಬೇರೊಂದು ಮಾದರಿಯೂ ಇದೇ ನಾಡಿನಲ್ಲಿದೆ. 1443ರಲ್ಲಿ, ಯುದ್ಧ ಕ್ಷಾಮಗಳಿಂದ ಜನ ಕಂಗೆಟ್ಟಿದ್ದಾಗ, ಬರ್ಗಂಡಿಯ ಮಂತ್ರಿ ನಿಕೊಲಾ ರೋಲಾಂ ಮತ್ತು ಆತನ ಪತ್ನಿ ಗಿಗೋನ್ ದ ಸಲಾಂ ಬೋನ್ ಪಟ್ಟಣದಲ್ಲಿ ಬಡವರಿಗಾಗಿ ಆಸ್ಪತ್ರೆ ಕಟ್ಟಿಸಿದರು. ಇಷ್ಟೊಂದು ಜನರನ್ನು ಬಡವರನ್ನಾಗಿ ಮಾಡಿದವನು ಅವರಿಗೊಂದು ಆಸ್ಪತ್ರೆಯನ್ನಾದರೂ ಕಟ್ಟಿಸಬೇಡವೇ ಎಂದು ಫ್ರಾನ್ಸಿನ 11ನೆಯ ಲೂಯಿ ಆಡಿಕೊಂಡನಂತೆ. ಕುಹಕವಿರಲಿ, ಮಂಚಗಳ ಸಾಲು ನಿಜ. ರೋಗಿಗಳಿಗೆ ಕಾಣುವಂತೆ ಇಡಲು ರೊಜಿಯೇರ್ ವಾನ್ ದೆರ್ ವೇಯ್ಡನ್ ಬರೆದ ಅಂತಿಮ ನ್ಯಾಯತೀರ್ಪಿನ ಚಿತ್ರಫಲಕವೂ ನಿಜ. 1457ರಿಂದ ಭಕ್ತರು ಆ ಆಸ್ಪತ್ರೆಗೆ ದ್ರಾಕ್ಷಿತೋಟಗಳನ್ನು ಬರೆದುಕೊಡುತ್ತ ಬಂದಿದ್ದಾರೆ. ಈಗ ಸುಮಾರು 60 ಹೆಕ್ಟೇರ್ ಇದೆ. 1859ರಿಂದ ಅದರ ರಸವನ್ನು ಬಹಿರಂಗ ಹರಾಜು ಹಾಕುವ ಪದ್ಧತಿ. ನವೆಂಬರಿನ 3ನೆಯ ಭಾನುವಾರ ನಡೆಯುವ ಆ ಹರಾಜಿನ ಹಣ ರೋಗಿಗಳ ಶುಶ್ರೂಷೆಗೆ ಹೋಗುತ್ತದೆ. ಇಲ್ಲಿಯೂ ದಾನ, ಇಲ್ಲಿಯೂ ಒಡೆತನ, ಇಲ್ಲಿಯೂ ಹಣ. ಫ್ರೆಂಚ್ ಕ್ರಾಂತಿಯನ್ನು ದಾಟಿ ಈ ಸಂಸ್ಥೆಯ ತೋಟಗಳು ಉಳಿದವು, ಸಿತೋದವು ಉಳಿಯಲಿಲ್ಲ.

1789ರ ನವೆಂಬರ್ 2ರಂದು ರಾಷ್ಟ್ರೀಯ ಸಭೆ ಧರ್ಮಸಭೆಯ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ಒಪ್ಪಿಸಿತು. 1790ರ ಫೆಬ್ರವರಿಯಲ್ಲಿ ಸನ್ಯಾಸ ವ್ರತಗಳಿಗೆ ಕಾನೂನಿನ ಮನ್ನಣೆ ತಪ್ಪಿತು. 1791ರಲ್ಲಿ ಕ್ಲೋ ದ ವೂಜೋ ಹರಾಜಾಯಿತು. ನಾಬೋತನ ದ್ರಾಕ್ಷಿತೋಟವನ್ನು ಅರಸ ಅಹಾಬನು ಕಿತ್ತುಕೊಂಡ ಪ್ರಸಂಗವನ್ನು ಇಲ್ಲಿ ನೆನೆದವರುಂಟು. ಹೋಲಿಕೆ ಅರ್ಧ ಮಾತ್ರ ಸರಿ. ನಾಬೋತನು ಪಿತ್ರಾರ್ಜಿತವನ್ನು ಮಾರಲೊಲ್ಲದ ಬಡ ಒಕ್ಕಲಿಗ. ಸಿತೋ ಆ ಹೊತ್ತಿಗೆ ಬರ್ಗಂಡಿಯ ದೊಡ್ಡ ಜಮೀನುದಾರರಲ್ಲೊಂದು. ಆದರೆ ಮಠದಿಂದ ಹೋದ ಭೂಮಿ ಗೇಣಿದಾರರಿಗೆ ಬರಲಿಲ್ಲ, ಅದು ಹಣವಂತರ ಪಾಲಾಯಿತು. ಇಡೀ ತೋಟ ಹಲವು ಕೈ ದಾಟಿ 1889ರಲ್ಲಿ ಪಾಲಾಗತೊಡಗಿತು. ಇಂದು ಆ 50 ಹೆಕ್ಟೇರಿಗೆ ಸುಮಾರು 80 ಒಡೆಯರಿದ್ದಾರೆ. ಕೆಲವರಿಗೆ ಕೆಲವೇ ಸಾಲು ಬಳ್ಳಿಗಳು. ಮೇಲ್ಭಾಗದ ಸಾಲಿನವನ ರಸಕ್ಕೂ ಹೆದ್ದಾರಿಯ ಬದಿಯ ಸಾಲಿನವನ ರಸಕ್ಕೂ ಒಂದೇ ಹೆಸರು. ಆದ್ದರಿಂದ ಇಂದು ಕ್ಲೋ ದ ವೂಜೋವನ್ನು ಅರಿಯಬಯಸುವವನು ತೋಟದ ಹೆಸರಿಗಿಂತ ಮೊದಲು ಬೆಳೆಗಾರನ ಹೆಸರನ್ನು ಓದಬೇಕು.

ಇದಕ್ಕೆ ಪ್ರತಿಯಾಗಿ ಕ್ಲೋ ದ ತಾರ್ ಇದೆ. ತಾರ್ ಮಠ ಸಿತೋ ಪರಂಪರೆಯ ಮೊದಲ ಸನ್ಯಾಸಿನಿಯರ ಮಠ. ಮೊರೇ ಗ್ರಾಮದ ಒಂದು ತೋಟವನ್ನು ಸೋದರಿಯರು 1141ರಲ್ಲಿ ಕೊಂಡರು. 1623ರಲ್ಲಿ ಅವರು ದಿಜೋನಿಗೆ ಮಠವನ್ನು ಬದಲಿಸಿದರೂ ತೋಟವನ್ನು ಬಿಡಲಿಲ್ಲ. 1791ರವರೆಗೂ ಅದು ಅವರದಾಗಿತ್ತು. ಆಮೇಲೆ ಅದು ಹರಾಜಾದರೂ ಪಾಲಾಗಲಿಲ್ಲ. ಸುಮಾರು ಏಳೂವರೆ ಹೆಕ್ಟೇರಿನ ಆ ತೋಟಕ್ಕೆ ಸುಮಾರು ಒಂಬತ್ತು ನೂರು ವರ್ಷಗಳಲ್ಲಿ ನಾಲ್ವರೇ ಒಡೆಯರು. ಸಿತೋ ಸೋದರರ ಹೆಸರು ಜಗತ್ತಿಗೆಲ್ಲ ಗೊತ್ತಿದೆ. ಅರ್ಧ ಸಹಸ್ರಮಾನಕ್ಕೂ ಮಿಕ್ಕು ಒಂದು ತೋಟವನ್ನು ಕಾಪಾಡಿದ ಈ ಸೋದರಿಯರ ಪ್ರಸ್ತಾಪ ನಮ್ಮ ಚರಿತ್ರೆಯ ಪಾಠಗಳಲ್ಲಿ ಬರುವುದು ಅಪರೂಪ.

ಬಳ್ಳಿಗಳ ವಿಚಾರವಾಗಿ ಇನ್ನೊಂದು ಮಾತು. 1878ರಲ್ಲಿ ಕೋತ್ ದೋರ್‌ಗೆ ಫಿಲೊಕ್ಸೆರಾ ಎಂಬ ಬೇರುಹೇನು ತಗುಲಿತು. ಅಮೆರಿಕದಿಂದ ಬಂದ ಕೀಟ ಅದು. ಹಳೆಯ ಬಳ್ಳಿಗಳು ಬೇರಿನಿಂದಲೇ ಒಣಗಿದವು. ಆ ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಕಾಡುಬೇರಿನ ಮೇಲೆ ಬರ್ಗಂಡಿಯ ಕೊಂಬೆಯನ್ನು ಕಸಿಕಟ್ಟಿದಾಗ ಮಾತ್ರ ತೋಟಗಳು ಬದುಕಿದವು. ರೋಮನರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ಸಂತ ಪೌಲರು ಕಾಡುಕೊಂಬೆಯನ್ನು ಊರ ಮರಕ್ಕೆ ಕಸಿಮಾಡಿದ ಮಾತನ್ನಾಡಿ, ಇದು ಸ್ವಭಾವಕ್ಕೆ ವಿರುದ್ಧವೆಂದು ತಾವೇ ಒಪ್ಪಿಕೊಳ್ಳುತ್ತಾರೆ. ಬರ್ಗಂಡಿಯಲ್ಲಿ ಆದದ್ದು ಬೆಳೆಗಾರರು ಬಲ್ಲ ಸಹಜಕ್ರಮ: ಪ್ರಸಿದ್ಧ ಕೊಂಬೆಯನ್ನು ಹೊರುತ್ತಿರುವುದು ಹೆಸರಿಲ್ಲದ ಪರದೇಶದ ಬೇರು. ಸೀಸೆಯ ಚೀಟಿಯಲ್ಲಿ ಆ ಬೇರಿನ ಉಲ್ಲೇಖವಿಲ್ಲ, ಶ್ರಮಿಕ ಸೋದರನ ಉಲ್ಲೇಖವಿಲ್ಲದಂತೆಯೇ.

1898ರಲ್ಲಿ, ಸ್ಥಾಪನೆಯ 800ನೆಯ ವರ್ಷದಲ್ಲಿ, ಸನ್ಯಾಸಿಗಳು ಸಿತೋಗೆ ಹಿಂದಿರುಗಿದರು. ಹಳೆಯ ಮಠದ ಕಟ್ಟಡಗಳಲ್ಲಿ ಹೆಚ್ಚಿನವು ನೆಲಸಮವಾಗಿದ್ದವು. ವೂಜೋದ ಗೋಡೆಯೊಳಗಿನ ತೋಟ ಅವರಿಗೆ ಮರಳಲಿಲ್ಲ. ಬಳ್ಳಿ ಬೆಳೆಯದ ಆ ತಗ್ಗುನೆಲದಲ್ಲಿ ಹುಲ್ಲು ಮಾತ್ರ ಚೆನ್ನಾಗಿ ಬೆಳೆಯುತ್ತದೆ. ಅವರು ಹಸುಗಳನ್ನು ಸಾಕಿದರು. ಮಠದ ಹೆಸರಿನ ಚೀಸ್ ಇಂದು ಆ ಸೀಮೆಯ ಸಂತೆಗಳಲ್ಲಿ ಮಾರಾಟವಾಗುತ್ತದೆ.